ನೆತ್ತರುಗೊಡಗೆ

ಕನ್ನಡ ನಾಡಿನಲ್ಲಿ ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ವೀರಗಲ್ಲು ನಿಂತಿರದ ಹೋಬಳಿ ವಿರಳವೆಂದೇ ಹೇಳಬೇಕು. ಕಳ್ಳರು ಹೊಡೆದುಕೊಂಡು ಹೋದ ತುರುಗಳನ್ನು ಮರಳಿಸುವಾಗ ಮಡಿದವನು, ಊರಳಿವಿನಲ್ಲಿ ಕಾದಿ ಬಿದ್ದವನು, ಹೆಣ್ಣುಮಕ್ಕಳ ಮಾನವನ್ನು ಕಾಯಹೋಗಿ ಪ್ರಾಣ ತೆತ್ತವನು, ಹುಲಿಯೊಡನೆಯೋ ಹಂದಿಯೊಡನೆಯೋ ಸೆಣಸಿ ಸತ್ತವನು, ಇವರೆಲ್ಲರ ನೆನಪಿಗೆ ನೆಟ್ಟ ಕಲ್ಲುಗಳು ಅವು. ಶಿಲ್ಪವನ್ನು ನೋಡಿ ಮೆಚ್ಚಿ ಮುಂದೆ ಹೋಗುವವರು ಬರೆಹದ ಕೊನೆಯ ಪಂಕ್ತಿಗಳವರೆಗೆ ಬರುವುದು ಕಡಮೆ. ಸಂಸಾರಿಗಳಿಗೆ ಬೇಕಾದ ಸಂಗತಿಯಾದರೋ ಅಲ್ಲಿಯೇ ಉಂಟು. ಸತ್ತವನ ಮನೆಗೆ ಇಷ್ಟು ಗದ್ದೆಯನ್ನು, ಇಷ್ಟು ಬೆದ್ದಲನ್ನು ಬಿಟ್ಟುಕೊಟ್ಟೆವೆಂಬ ಮಾತು ಅನೇಕ ಕಲ್ಲುಗಳಲ್ಲಿ ದೊರೆಯುತ್ತದೆ. ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಭೂಮಿಯಾದುದರಿಂದ ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಹಾಳಾದ ಮನೆಗೆ ಊರೇ ಆಧಾರವಾಗತಕ್ಕದ್ದೆಂಬ ಭಾವನೆಗೆ ನಮ್ಮ ನಾಡಿನಲ್ಲಿರುವ ಪ್ರಾಚೀನ ಸಾಕ್ಷ್ಯಗಳಲ್ಲಿ ಇದೊಂದು. ಆದರೆ ಅದು ವೀರನಿಗೆ ಸಲ್ಲುವ ಮರ್ಯಾದೆ. ಬಂಡಿಯ ಗಾಲಿಗೆ ಸಿಕ್ಕಿ ಸತ್ತ ಕೂಲಿಯಾಳಿನ ಹೆಂಡತಿಗೆ ಯಾರೂ ಕಲ್ಲು ನೆಡಲಿಲ್ಲ, ಕೊಡಗೆಯನ್ನೂ ಬಿಡಲಿಲ್ಲ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಶಾಸನಗಳನ್ನು ರೈಸ್ ಸಾಹೇಬರು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಪ್ರಕೃತ ವಿಷಯಕ್ಕೆ ಹೆಚ್ಚು ಬೆಳಕು ಕೊಡುವ ಶಾಸನವು ಮಾತ್ರ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನದು. ಅದರ ಕಾಲ ಕ್ರಿ. ಶ. 1057, ಅದರಲ್ಲಿ ಹೇಳಿದ ಮರಣದಂಡನೆ ನಡೆದುದಾದರೋ ನರಸೀಪುರ ತಾಲ್ಲೂಕಿಗೆ ಸೇರಿದ ತಲಕಾಡಿನಲ್ಲಿ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಆಕೆಯ ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಏಚನ ಕೈಯಿಂದ ದಾಯಾದನೊಬ್ಬನು ಸತ್ತನು. ಅರಸನು ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದನು. ದೇಕಬ್ಬೆಯು ತಂದೆತಾಯಿಗಳು ತಡೆದರೂ ಕೇಳದೆ ಕೊಂಡವನ್ನು ಹೊಕ್ಕಳು. ಆಕೆಯ ಪಾತಿವ್ರತ್ಯವನ್ನು ಕೊಂಡಾಡುವವರು ಬಹು ಮಂದಿ. ನ್ಯಾಯದ ದೃಷ್ಟಿಯಿಂದ ನೋಡುವವರಿಗೆ ಬೇರೊಂದು ಸಂಗತಿ ತೋರುತ್ತದೆ: ಪಂದ್ಯದಲ್ಲಿ ಒಬ್ಬನು ಸತ್ತನು, ದಂಡನೆಯಿಂದ ಇನ್ನೊಬ್ಬನು ಸತ್ತನು, ಅವನ ಹಿಂದೆ ಹೆಂಡತಿಯೂ ಸತ್ತಳು. ಅರಸನ ಶಾಸನ ನೆರವೇರಿತು. ಎರಡು ಮನೆಗಳಲ್ಲಿ ಯಾವುದೂ ಉಳಿಯಲಿಲ್ಲ.

ಆ ಶತಮಾನ ಮುಗಿದು ಮುಂದಿನದು ತೊಡಗುವ ಹೊತ್ತಿಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥದ ಪ್ರಸಿದ್ಧಿಯನ್ನು ವಿವರಿಸಬೇಕಾದುದಿಲ್ಲ. ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿರುವ ದಂಡಪಾರುಷ್ಯ ಪ್ರಕರಣವನ್ನು ಮಾತ್ರ ಓದುವವರು ವಿರಳ. ಮತ್ತೊಬ್ಬನ ದೇಹಕ್ಕೆ ನೋವುಂಟುಮಾಡಿದವನು ಅರಸನಿಗೆ ದಂಡ ತೆರುವುದಲ್ಲದೆ, ಗಾಯ ಮಾಗಿ ಏಳುವವರೆಗಿನ ಚಿಕಿತ್ಸೆಯ ವೆಚ್ಚವನ್ನೂ ಕೊಡಬೇಕೆಂದು ಅಲ್ಲಿ ವಿಧಿಸಿದೆ. ಕೋರೆಹಲ್ಲಿನ ಅಥವಾ ಕೊಂಬಿನ ಪ್ರಾಣಿಯು ಮನುಷ್ಯನ ಮೇಲೆ ಬಿದ್ದಾಗ, ಶಕ್ತಿಯಿದ್ದೂ ಬಿಡಿಸದೆ ನಿಂತ ಒಡೆಯನಿಗೆ ದಂಡ. ಗಾಯಗೊಂಡವನು ಕೂಗಿಕೊಂಡರೂ ಬಿಡಿಸದಿದ್ದರೆ ಅದರ ಎರಡರಷ್ಟು. ಎತ್ತಿನ ಮೂಗುದಾರ ಹರಿದು ಅಥವಾ ನೊಗ ಮುರಿದು ಬಂಡಿಯಿಂದ ಆದ ಕೇಡಿಗೆ ಒಡೆಯನು ಹೊಣೆಯಲ್ಲ. ‘ಸರಿ, ಸರಿ’ ಎಂದು ಮುಂಚೆಯೇ ಕೂಗಿ ಎಚ್ಚರಿಸಿದವನ ಮೇಲೂ ದೋಷವಿಲ್ಲ. ಸಾರಥಿಗೆ ನೈಪುಣ್ಯವಿಲ್ಲದೆ ಬಂಡಿ ದಾರಿ ತಪ್ಪಿ ಹಿಂಸೆಯಾದರೆ ಅಂಥವನ ಕೈಗೆ ಬಂಡಿಯನ್ನು ಕೊಟ್ಟ ಒಡೆಯನೇ 200 ಪಣ ತೆರತಕ್ಕದ್ದೆಂದು ಮನು ಹೇಳುತ್ತಾನೆ. ಇಂದಿನ ಮೋಟಾರು ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ, ಅಪ್ರಾಪ್ತ ವಯಸ್ಸಿನ ಮಗನು ವಾಹನ ನಡೆಸಿ ಅಪರಾಧವಾದರೆ ತಂದೆಗೆ ಅಥವಾ ವಾಹನದ ಒಡೆಯನಿಗೆ 3 ವರ್ಷಗಳವರೆಗೆ ಸೆರೆಯೂ 25,000 ರೂಪಾಯಿ ಜುಲ್ಮಾನೆಯೂ ಉಂಟೆಂದು ಹೇಳಿರುವುದನ್ನು ಮನುವಿನ ಈ ಮಾತಿನ ಪಕ್ಕದಲ್ಲಿಟ್ಟು ನೋಡಬಹುದು.

ಸ್ಮೃತಿಕಾರರ ಯೋಜನೆಯಲ್ಲಿ ಒಂದು ದೊಡ್ಡ ಕೊರತೆಯುಂಟು. ಗಾಯಗೊಂಡು ಬದುಕಿದವನಿಗೆ ಔಷಧದ ವೆಚ್ಚ ಬರುತ್ತದೆ. ಬಂಡಿಗೆ ಸಿಕ್ಕಿ ಸತ್ತವನ ಪಾಲಿನ ದಂಡವು ಬೊಕ್ಕಸವನ್ನು ಸೇರುತ್ತದೆ. ಇಂಗ್ಲಿಷರ ನ್ಯಾಯವೂ ಈ ವಿಷಯದಲ್ಲಿ ಮೇಲೆನಿಸಿರಲಿಲ್ಲ. 1808ರಲ್ಲಿ ಅಲ್ಲಿಯ ಕೋರ್ಟಿಗೆ ಒಂದು ಮೊಕದ್ದಮೆ ಬಂದಿತು. ಕುದುರೆಯ ಸಾರೋಟು ಮಗುಚಿ ಗಂಡಹೆಂಡಿರಿಬ್ಬರಿಗೂ ಪೆಟ್ಟಾಗಿ, ಸುಮಾರು ಒಂದು ತಿಂಗಳ ಮೇಲೆ ಹೆಂಡತಿ ತೀರಿಕೊಂಡಳು. ಆಕೆ ನರಳುತ್ತ ಬದುಕಿದ್ದಷ್ಟು ದಿನಗಳ ನಷ್ಟವನ್ನು ಮಾತ್ರ ಗಂಡನು ಕೇಳಬಹುದು, ಮರಣದಿಂದಾದ ನಷ್ಟವನ್ನು ಕೇಳುವಂತಿಲ್ಲವೆಂದು ನ್ಯಾಯಾಧೀಶರು ತೀರ್ಪಿತ್ತರು. ಹೀಗಾಗಿ ಒಬ್ಬನನ್ನು ಕುಂಟನನ್ನಾಗಿ ಮಾಡುವುದಕ್ಕಿಂತ ಕೊಂದುಬಿಡುವುದೇ ಅಗ್ಗವಾಯಿತು. ರೈಲುಗಳು ಬಂದು ಸಾವುಗಳು ಹೆಚ್ಚಿದ ಮೇಲೆ, 1846ರಲ್ಲಿ, ಲಾರ್ಡ್ ಕ್ಯಾಂಬೆಲ್ ಎಂಬವರ ಪ್ರಯತ್ನದಿಂದ ಅಲ್ಲಿ ಹೊಸ ಕಾಯಿದೆಯಾಯಿತು. ಅದರ ಮಾದರಿಯಲ್ಲಿಯೇ ಹಿಂದೂಸ್ಥಾನಕ್ಕೆ 1855ರ 13ನೆಯ ಕಾಯಿದೆ ಬಂದು, ಸತ್ತವನ ಹೆಂಡತಿ ಅಥವಾ ಗಂಡ, ತಂದೆತಾಯಿ, ಮಕ್ಕಳು, ಇವರ ನಷ್ಟವನ್ನು ನ್ಯಾಯಸ್ಥಾನವು ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡಿತು. ಅಜಾಗರೂಕತೆಯಿಂದ ಸಾವು ತಂದವನಿಗೆ ಎರಡು ವರ್ಷಗಳವರೆಗಿನ ಶಿಕ್ಷೆಯನ್ನು ದಂಡಸಂಹಿತೆಗೆ ಸೇರಿಸಿದುದು 1870ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಈ ಮಿತಿಯು 5 ವರ್ಷಗಳಿಗೆ ಏರಿದೆ. ಶಿಕ್ಷೆ ಹೆಚ್ಚಿದ ಮಾತ್ರಕ್ಕೆ ವಿಧವೆಯ ಮನೆಯ ಒಲೆ ಉರಿಯುವುದಿಲ್ಲವಾದುದರಿಂದ ಈ ಎರಡು ದಾರಿಗಳನ್ನೂ ಬೇರೆಬೇರೆಯಾಗಿಯೇ ಎಣಿಸಬೇಕು.

ಕಪಿಲೆಯ ತೀರಕ್ಕೆ ಯಂತ್ರಯುಗ ಬಂದುದು 1891ರಲ್ಲಿ, ಮೈಸೂರು–ನಂಜನಗೂಡು ರೈಲು ಹೊರಟಾಗ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಕಲ್ಲುಸೇತುವೆಯ ಮೇಲೆಯೇ ಹಳಿಗಳನ್ನು ಹಾಸಿದರು. ಯಾತ್ರಿಕರು ನಡೆದು ಬರುತ್ತಿದ್ದ, ಎತ್ತಿನ ಬಂಡಿಗಳು ದಾಟುತ್ತಿದ್ದ ಅದೇ ಸೇತುವೆಯ ಮೇಲೆ ಉಗಿಬಂಡಿಯೂ ಬಂದಿತು. ‘ಸರಿ, ಸರಿ’ ಎಂದು ಕೂಗಿದರೆ ಸಾಕೆಂಬ ಕಾಲ ಅಂದಿಗೆ ಮುಗಿಯಿತೆನ್ನಬಹುದು. 1926ರಲ್ಲಿ ಹಳಿ ಚಾಮರಾಜನಗರಕ್ಕೆ ಮುಂದುವರಿಯಿತು. ಅಗಲದ ಹಳಿ ಬಂದ ಮೇಲೆ ರೈಲಿಗೆ ಬೇರೆ ಸೇತುವೆಯಾಯಿತು. ಹಳೆಯದು ದಳವಾಯಿಯ ಹೆಸರನ್ನು ಹೊತ್ತು ನಿಂತಿದೆ. ದುಡಿಯುವವರಿಗೆ ಕೆಲಸದಲ್ಲಿ ಆಗುವ ಗಾಯಕ್ಕೆ ಯಜಮಾನನು ಹೊಣೆಯೆಂದು ಬ್ರಿಟಿಷ್ ಇಂಡಿಯದಲ್ಲಿ 1923ರ ಕಾಯಿದೆ ಹೇಳಿತು. ಅದರ ಸಾರವು ಈಗ 2020ರ ಸಾಮಾಜಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿದೆ. ಇಲ್ಲಿ ಯಜಮಾನನ ತಪ್ಪನ್ನು ಸಾಧಿಸಬೇಕಾದ ಅಗತ್ಯವಿಲ್ಲ. ಕೆಲಸದ ನಿಮಿತ್ತದಿಂದ ಗಾಯವಾಯಿತೆಂದು ತೋರಿಸಿದರೆ ಸಾಕು. ನರಸೀಪುರದ ರೇಷ್ಮೆ ಕಾರ್ಖಾನೆಯ ಕುದಿನೀರಿನ ಬಾನಿಗಳ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುವ ಹೆಂಗಸರಿಗೂ ನಂಜನಗೂಡಿನ ಕೈಗಾರಿಕಾ ಪ್ರದೇಶದ ಕೂಲಿಗಳಿಗೂ ಈ ಭೇದ ತಿಳಿದಿರುವುದು ಅವಶ್ಯಕ.

ಸಂಸಾರಗಳನ್ನು ಅತಿಶಯವಾಗಿ ಹಾಳುಮಾಡಿದುದು ಮೋಟಾರು. 1939ರ ಕಾಯಿದೆಯಲ್ಲಿ ಮೂರನೆಯವರಿಗಾಗಿ ವಿಮೆ ಮಾಡಿಸಬೇಕೆಂಬ ನಿಯಮ ಬಂದು 1946ರ ಜುಲೈ 1ರಿಂದ ಜಾರಿಯಾಯಿತು. ಸಾಲುಸಾಲು ವರ್ಷ ಸಿವಿಲ್ ಕೋರ್ಟಿಗೆ ಅಲೆಯುವುದು ತಪ್ಪಲೆಂದು 1956ರ ತಿದ್ದುಪಡಿ ಪರಿಹಾರದ ನ್ಯಾಯಮಂಡಲಿಗಳಿಗೆ ಎಡೆಮಾಡಿತು. ನಂಜನಗೂಡನ್ನೂ ನರಸೀಪುರವನ್ನೂ ಮೈಸೂರಿನ ಮೂಲಕ ಕೂಡಿಸುವುದು 766ನೆಯ ರಾಷ್ಟ್ರೀಯ ಹೆದ್ದಾರಿ. ಮೈಸೂರು–ನಂಜನಗೂಡು ರಸ್ತೆಯ ಉಂಡಬತ್ತಿ ಕೆರೆಗೆ 2010ರ ಡಿಸೆಂಬರ್ 14ರಂದು ಜನ ತುಂಬಿದ್ದ ವಾಹನವೊಂದು ಉರುಳಿ 31 ಮಂದಿ ಸತ್ತರು. ನರಸೀಪುರ–ಕೊಳ್ಳೇಗಾಲ ಮಾರ್ಗದ ಕುರುಬೂರಿನ ಬಳಿ 2023ರ ಮೇ 29ರಂದು ಬಸ್ಸಿಗೂ ಕಾರಿಗೂ ಡಿಕ್ಕಿಯಾಗಿ, ದೂರದ ಬಳ್ಳಾರಿ ಸೀಮೆಯಿಂದ ಯಾತ್ರೆಗೆ ಬಂದಿದ್ದವರಲ್ಲಿ 10 ಮಂದಿ ಮಡಿದರು. ಸುದ್ದಿಯ ಸದ್ದು ಕೆಲವು ದಿನಗಳಲ್ಲಿ ಅಡಗುತ್ತದೆ. ಮನೆಯವರ ಲೆಕ್ಕ ಆಮೇಲೆ ತೊಡಗುತ್ತದೆ.

ಆ ಲೆಕ್ಕವನ್ನು ಸರ್ವೋಚ್ಚ ನ್ಯಾಯಾಲಯವು 2009ರ ಸರಳಾ ವರ್ಮಾ ತೀರ್ಪಿನಲ್ಲಿಯೂ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿಯೂ ಕ್ರಮಗೊಳಿಸಿದೆ. ತಿಂಗಳಿಗೆ 12,000 ರೂಪಾಯಿ ಸಂಪಾದಿಸುತ್ತಿದ್ದ 38 ವರ್ಷದ ಸ್ವಂತ ಕಸುಬಿನವನೊಬ್ಬನು ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಬಿಟ್ಟು ಸತ್ತನೆಂದು ಇಟ್ಟುಕೊಳ್ಳೋಣ. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ನೂರಕ್ಕೆ 40ರಂತೆ ಕೂಡಿಸಿದರೆ 16,800 ಆಗುತ್ತದೆ. ಅವನ ಸ್ವಂತ ಖರ್ಚಿಗೆ ನಾಲ್ಕರಲ್ಲೊಂದು ಪಾಲು ಕಳೆದರೆ 12,600, ವರ್ಷಕ್ಕೆ 1,51,200. ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 15. ಆದುದರಿಂದ ಅವಲಂಬನದ ನಷ್ಟವೇ 22,68,000 ರೂಪಾಯಿ. ಉತ್ತರಕ್ರಿಯೆ ಮೊದಲಾದವುಗಳ ಬಾಬು ಬೇರೆ. ಸಂತಾಪದ ನಡುವೆ ಯಾರೋ ಬಂದು ಒಂದೆರಡು ಲಕ್ಷಕ್ಕೆ ರಾಜಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗದಂತೆ ತಡೆಯಲು ಈ ಗಣಿತ ಗೊತ್ತಿದ್ದರೆ ಸಾಕು.

ಗೃಹಿಣಿಯು ಸತ್ತರೆ ನಷ್ಟವೇನೆಂಬ ಪ್ರಶ್ನೆಗೆ ಉತ್ತರ ಬರಲು ಇನ್ನೂ ಬಹುಕಾಲ ಹಿಡಿಯಿತು. 1989ರಲ್ಲಿ ಜಂಷೆಡ್‌ಪುರದ ಉತ್ಸವವೊಂದರಲ್ಲಿ ಬೆಂಕಿಬಿದ್ದು ಹೆಂಗಸರೂ ಮಕ್ಕಳೂ ಸತ್ತ ಮೊಕದ್ದಮೆಯಲ್ಲಿ, 2001ರಲ್ಲಿ, ಆಕೆಯ ಮನೆಗೆಲಸದ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿಯೆಂದು ಸರ್ವೋಚ್ಚ ನ್ಯಾಯಾಲಯ ಎಣಿಸಿತು. ಮೊತ್ತವು ಅಲ್ಪವೇ. ಆದರೂ 1808ರ ಸಾರೋಟಿನ ಹೆಂಗಸಿಗೆ ಅಷ್ಟೂ ಸಂದಿರಲಿಲ್ಲವೆಂಬುದನ್ನು ಮರೆಯಲಾಗದು. 2021ರ ತೀರ್ಪೊಂದು ಇದೇ ತತ್ತ್ವವನ್ನು ಮತ್ತಷ್ಟು ದೃಢಪಡಿಸಿದೆ.

ಹಕ್ಕಿದ್ದರೂ ಕಾಗದವಿಲ್ಲದೆ ಕೈಸೇರದು. ಪೋಲೀಸರ ಪ್ರಥಮ ವರ್ತಮಾನ ವರದಿ, ಗಾಯದ ಬಗೆಗಿನ ವೈದ್ಯರ ಪತ್ರ, ಔಷಧದಂಗಡಿಯ ರಸೀದಿಗಳು, ಸಂಪಾದನೆಗೆ ಆಧಾರವಾದ ಯಾವುದಾದರೊಂದು ಬರೆಹ, ಇವುಗಳನ್ನು ಕೂಡಿಡುವುದು ಮನೆಯ ಹಿರಿಯರ ಕೆಲಸ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿದ್ದರೂ ತಡಮಾಡುವುದು ತರವಲ್ಲ. ಗುದ್ದಿ ಓಡಿಹೋದ ವಾಹನದ ಗುರುತು ಸಿಕ್ಕದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಆ ದಿನದಿಂದಲೇ ಗೊತ್ತಾಗಿದೆ. ರಸ್ತೆಯಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋದರೆ ಸಾಕ್ಷಿಗೆಂದು ಅಲೆಸುವರೆಂಬ ಹಳೆಯ ಭಯಕ್ಕೂ ಕಾರಣ ಉಳಿದಿಲ್ಲ. ಅಂಥವರ ರಕ್ಷಣೆಗೆ 2016ರಲ್ಲಿ ಮೊದಲು ಕಾಯಿದೆ ಮಾಡಿದ ರಾಜ್ಯ ಕರ್ನಾಟಕವೇ. ಹರಿದು ಬಿದ್ದ ವಿದ್ಯುತ್ತಿನ ತಂತಿಯಿಂದ ಸಾವಾದರೆ, ಅಜಾಗರೂಕತೆಯನ್ನು ಸಾಧಿಸದಿದ್ದರೂ ಸರಬರಾಜು ಮಾಡುವ ಮಂಡಲಿಯೇ ಹೊಣೆಯೆಂದು 2002ರಲ್ಲಿ ತೀರ್ಪಾಗಿದೆ.

ವಾಹನವಿದ್ದಲ್ಲಿ ವಿಮೆಯುಂಟು, ಕಾರ್ಖಾನೆಯಲ್ಲಿ ಯಜಮಾನನುಂಟು. ಹೊಳೆಗೆ ಇವರಾರೂ ಇಲ್ಲ. ಈ ಎರಡು ತಾಲ್ಲೂಕುಗಳ ಜೀವವೇ ಹೊಳೆಯಾದುದರಿಂದ ಇದು ಸಣ್ಣ ಮಾತಲ್ಲ. ನಂಜುಂಡೇಶ್ವರನ ಸ್ನಾನಘಟ್ಟದಲ್ಲಿಯೂ, 1989ರಿಂದ ಕುಂಭಮೇಳ ನಡೆಯುತ್ತ ಬಂದಿರುವ ತಿರುಮಕೂಡಲಿನ ಸಂಗಮದಲ್ಲಿಯೂ, ತಲಕಾಡಿನ ಮರಳಿನಲ್ಲಿಯೂ ಮೀಯಲಿಳಿದು ಆಳ ತಿಳಿಯದೆ ಮುಳುಗಿದವರ ಮನೆಗೆ ನ್ಯಾಯಮಂಡಲಿಯ ಬಾಗಿಲಿಲ್ಲ. ಮಾಲಂಗಿಯ ಮಡುವಿನ ಖ್ಯಾತಿಯನ್ನು ಕತೆಯೆಂದು ಕೇಳುವವರು ಅದನ್ನು ಎಚ್ಚರಿಕೆಯೆಂದೂ ಕೇಳಬಹುದು. ಮೇಲೆ ಕಬಿನಿ ಅಣೆಕಟ್ಟಿನ ಬಾಗಿಲು ತೆರೆದರೆ ಕೆಳಗೆ ಘಟ್ಟದ ಮೆಟ್ಟಿಲುಗಳು ಮುಳುಗುತ್ತವೆ. ಆಗಸ್ಟ್ 2019ರಲ್ಲಿ ನಂಜನಗೂಡಿನ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಇಂಥ ಸಾವುಗಳಲ್ಲಿ ಕುಟುಂಬಕ್ಕೆ ಕೊಂಚ ಆಸರೆಯಾಗುವುದು 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸುರಕ್ಷಾ ವಿಮೆ. ವರ್ಷಕ್ಕೆ 20 ರೂಪಾಯಿ ಬ್ಯಾಂಕಿನ ಖಾತೆಯಿಂದ ಸಂದಾಯವಾಗಿದ್ದರೆ ಅಪಘಾತದ ಮರಣಕ್ಕೆ 2 ಲಕ್ಷ ಬರುತ್ತದೆ. ಖಾತೆಯಿದ್ದೂ ಇದಕ್ಕೆ ಸಹಿ ಹಾಕದಿರುವುದು ಶುದ್ಧ ಆಲಸ್ಯ.

ಕೊನೆಗೆ ಕಾಡುಮೃಗದ ಮಾತು. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗಾಗಿ, ಚಿರತೆಗಳು ನಾಲ್ವರನ್ನು ಕೊಂದವು. ಉಕ್ಕಲಗೆರೆ, ಕೆಬ್ಬೆಹುಂಡಿ, ಕನ್ನನಾಯಕನಹಳ್ಳಿ, ಹೊರಳಹಳ್ಳಿ, ಈ ಊರುಗಳ ಹೆಸರು ಆಗ ನಾಡಿಗೆಲ್ಲ ತಿಳಿದುವು. ಸತ್ತವರಲ್ಲಿ ಓದುವ ಮಕ್ಕಳೂ ಇದ್ದರು, ಒಬ್ಬ ಮುದುಕಿಯೂ ಇದ್ದಳು. ಕಬ್ಬಿನ ಗದ್ದೆಗಳು ಚಿರತೆಗಳಿಗೆ ಮರೆಯಾಗಿದ್ದುವು. ಜನರ ಕೂಗು ಎದ್ದಾಗ ಸರ್ಕಾರವು ಇಂಥ ಮರಣಗಳ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತು. ಸಾವಿರ ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಮೃಗದೊಡನೆ ಕಾದಿ ಸತ್ತ ಗಂಡಸಿನ ಮನೆಗೆ ಗದ್ದೆ ಸಲ್ಲುತ್ತಿತ್ತು. ಈಗಿನ ಆದೇಶದಲ್ಲಿ ಕಾದಿ ಸತ್ತವರು, ದಾರಿಯಲ್ಲಿ ನಡೆದು ಬರುತ್ತಿದ್ದು ಸತ್ತವರು ಎಂಬ ಭೇದವಿಲ್ಲ. ಆ ಮುದುಕಿಯ ಮನೆಗೂ ಸಲ್ಲತಕ್ಕ ಮೊತ್ತ ಅದೇ.