ಹಾಲುಹಲ್ಲಿನ ರೂಟ್ ಕೆನಾಲ್: ಬೇರಿನ ಉದ್ದ ಅಳೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಮಳಖೇಡ: ‘ಹಾಲಹಲ್ಲು ಅಲಾ, ಹೆಂಗೂ ಬೀಳ್ತದ’ ಅಂತ ಮಕ್ಕಳ ಹುಳುಕು ಹಲ್ಲನ್ನು ಹಾಗೇ ಬಿಡುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಆದರೆ ಹಾಲಿನ ದವಡೆ ಹಲ್ಲು ಬೀಳುವುದು 9ರಿಂದ 12ನೇ ವಯಸ್ಸಿನಲ್ಲಿ. 5ನೇ ವಯಸ್ಸಿಗೇ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿದು, ಮುಂದೆ ಬರುವ ಹಲ್ಲು ಸೊಟ್ಟಗೆ ಮೂಡಬಹುದು. ಅದಕ್ಕೇ ಹುಳುಕು ನರ ಮುಟ್ಟಿದ್ದರೂ ಬೇರು ಸಾಕಷ್ಟು ಉಳಿದಿದ್ದರೆ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಲಾಗುತ್ತದೆ.

ಉದ್ದ ಯಾಕೆ ಮುಖ್ಯ?

ದೊಡ್ಡವರ ಹಲ್ಲಿನ ಬೇರು ಇದ್ದಷ್ಟೇ ಇರುತ್ತದೆ. ಮಕ್ಕಳದು ಹಾಗಲ್ಲ. ಕೆಳಗೆ ಶಾಶ್ವತ ಹಲ್ಲಿನ ಮೊಳಕೆ ಬೆಳೆದಂತೆ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದೆ. ಸ್ವಚ್ಛ ಮಾಡುವ ಸೂಜಿ, ಅಂದರೆ ಫೈಲ್, ತುದಿ ದಾಟಿದರೆ ಮೊಳಕೆಗೆ ಪೆಟ್ಟು ಬೀಳುವ ಭಯ. ಬಹಳ ಮೇಲೆಯೇ ನಿಂತರೆ ಸೋಂಕು ಉಳಿದು ಮತ್ತೆ ಬಾವು ಬರಬಹುದು. ಎಕ್ಸ್‌-ರೇ ಚಪ್ಪಟೆ ಚಿತ್ರ. ಬೇರು ಒಂದು ಬದಿಯಿಂದ ಓರೆಯಾಗಿ ಕರಗಿದ್ದರೆ ಅದರಲ್ಲಿ ಸರಿಯಾಗಿ ಕಾಣದೇ ಹೋಗಬಹುದು.

ಯಂತ್ರದ ಕೆಲಸ

ಯಂತ್ರದ ಹೆಸರು ಅಪೆಕ್ಸ್ ಲೊಕೇಟರ್. ಒಂದು ವೈರಿನ ಕೊಕ್ಕೆಯನ್ನು ಮಗುವಿನ ತುಟಿಗೆ ಸಿಗಿಸುತ್ತಾರೆ, ಇನ್ನೊಂದನ್ನು ಫೈಲಿಗೆ. ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಯುತ್ತದೆ. ಫೈಲಿನ ತುದಿ ಬೇರಿನ ಕೊನೆಯಲ್ಲಿನ ಜೀವಂತ ಪದರ ಮುಟ್ಟುತ್ತಲೇ ವಿದ್ಯುತ್ ಅಳತೆ ಬದಲಾಗಿ ಬೀಪ್ ಸದ್ದು ಬರುತ್ತದೆ, ಪರದೆ ಮೇಲೂ ತೋರಿಸುತ್ತದೆ. ಜಪಾನಿನ ಸುನಾದಾ 1962ರಲ್ಲಿ ಈ ವಿಧಾನವನ್ನು ಚಿಕಿತ್ಸೆಗೆ ತಂದರು. ಈಗಿನ ಯಂತ್ರಗಳು ಎರಡು ಅಥವಾ ಹೆಚ್ಚು ಫ್ರೀಕ್ವೆನ್ಸಿ ಬಳಸುವುದರಿಂದ ಒದ್ದೆ ಇದ್ದರೂ ಅಳೆಯುತ್ತವೆ.

ಎಲ್ಲಿ ತಪ್ಪಬಹುದು?

ಹಲ್ಲಿನ ಒಳಗೆ ರಕ್ತ, ಕೀವು ತುಂಬಿದ್ದರೆ, ಫೈಲು ಲೋಹದ ಫಿಲ್ಲಿಂಗ್‌ಗೆ ತಾಗಿದರೆ, ಬೇರು ಬಹಳ ಕರಗಿದ್ದರೆ ಅಳತೆ ತಪ್ಪಬಹುದು. ಆದ್ದರಿಂದ ಮೊದಲ ಎಕ್ಸ್‌-ರೇ ಬೇಕೇ ಬೇಕು. ಬೇರಿನ ಸ್ಥಿತಿ, ಕೆಳಗಿನ ಮೊಳಕೆ ಕಾಣುವುದು ಅದರಲ್ಲೇ. ಯಂತ್ರದಿಂದ ಉಳಿಯುವುದು ನಡುವೆ ಮತ್ತೆ ಮತ್ತೆ ತೆಗೆಯುವ ಎಕ್ಸ್‌-ರೇ.

ಪಾಲಕರು ಕೇಳಬೇಕಾದ್ದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರಿಗೆ ಕಲಬುರಗಿಯ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ, ಅಲ್-ಬದರ್ ಮತ್ತು ಇಎಸ್‌ಐಸಿ ದಂತ ಕಾಲೇಜುಗಳು ಹತ್ತಿರ. ಎಲ್ಲೇ ತೋರಿಸಿದರೂ ಮೂರು ಮಾತು ಕೇಳಿ: ‘ಬೇರು ಎಷ್ಟು ಉಳಿದದ್ರಿ? ಉದ್ದ ಹೆಂಗ ಅಳೀತೀರಿ? ಕೀಳಲೇಬೇಕಂದ್ರ ಆ ಜಾಗ ಕಾಯಲಿಕ್ಕ ಸ್ಪೇಸ್ ಮೇಂಟೇನರ್ ಹಾಕ್ತೀರೇನ್ರಿ?’ ಮುಖ ಊದಿ ಜ್ವರ ಬಂದರೆ ಮಾತ್ರೆ ನುಂಗಿಸಿ ಕಾಯದೆ ಅವತ್ತೇ ವೈದ್ಯರಿಗೆ ತೋರಿಸಬೇಕು.