ಸೆಸ್ನಾ 172ರ ಹೊರಮೈಯಲ್ಲಿ ಕ್ಯಾಮೆರಾ: ಜಾಗದ ಪ್ರಶ್ನೆ

ಸಣ್ಣ ವಿಮಾನದ ಹೊರಗಿನಿಂದ ವಿಡಿಯೊ ತೆಗೆಯಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕ್ಯಾಮೆರಾ ಕೊಂಡು ಆಮೇಲೆ ಜಾಗ ಹುಡುಕುತ್ತಾರೆ. ಜಾಗವೇ ಮೊದಲು ತೀರ್ಮಾನವಾಗಬೇಕು ಎಂಬುದು ನನ್ನ ವಾದ. ಉದಾಹರಣೆಗೆ, ತರಬೇತಿ ಶಾಲೆಗಳಲ್ಲಿ ಎಲ್ಲೆಡೆ ಕಾಣುವ ಸೆಸ್ನಾ 172 ತೆಗೆದುಕೊಳ್ಳೋಣ.

ಇದರ ಎರಡು ರೆಕ್ಕೆಗಳು ನೋಡಲು ಒಂದೇ, ಕೆಲಸದಲ್ಲಿ ಬೇರೆ. ವೇಗ ಅಳೆಯುವ ಪಿಟೋ ಟ್ಯೂಬ್ ಎಡರೆಕ್ಕೆಯ ಕೆಳಗಿದೆ. ಸ್ಟಾಲ್ ಎಚ್ಚರಿಕೆಯ ಕಿಂಡಿ ಅದೇ ರೆಕ್ಕೆಯ ಮುಂಚಾಚಿನಲ್ಲಿದೆ. ಇಂಧನ ಟ್ಯಾಂಕಿಗೆ ಗಾಳಿಯಾಡಲು ಬಿಟ್ಟ ಕೊಳವೆಯೂ ಎಡಗಡೆಯ ಸ್ಟ್ರಟ್‌ನ ಹಿಂದೆ, ಅದಕ್ಕೆ ತೀರ ಹತ್ತಿರದಲ್ಲಿ ಇಳಿದಿದೆ. ಈ ಕೊಳವೆಯ ಬಾಯಿ ಎಲ್ಲಿರಬೇಕೆಂಬುದಕ್ಕೆ ತಯಾರಕರದೇ ಅಳತೆಯುಂಟು. ಕದಲಿದರೆ ಟ್ಯಾಂಕಿನೊಳಗಿನ ಒತ್ತಡ ಬದಲಾಗಿ ಇಂಧನದ ಹರಿವಿನಲ್ಲಿ ಏರುಪೇರಾಗುತ್ತದೆ. ಕೊಳವೆಯನ್ನು ಮುಟ್ಟದಿದ್ದರೂ, ಅದರ ಮುಂದಿನ ಸ್ಟ್ರಟ್‌ಗೆ ಕ್ಯಾಮೆರಾ ಬಿಗಿದು ಗಾಳಿ ಕದಡಿದರೆ ಅಂಥದೇ ತೊಂದರೆ ಬರಬಹುದು. ಹಾಗಾಗಿ ಬಲರೆಕ್ಕೆಯೇ ಸರಿ. ಅಲ್ಲೂ, ಸ್ಟ್ರಟ್ ರೆಕ್ಕೆಯನ್ನು ಸೇರುವಲ್ಲಿರುವ, ನಿಂತ ವಿಮಾನವನ್ನು ನೆಲಕ್ಕೆ ಕಟ್ಟುವ ಬಳೆ ಎಲ್ಲಕ್ಕಿಂತ ಭದ್ರ.

ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ನಾನು ಒಪ್ಪುವುದಿಲ್ಲ. ಅವುಗಳನ್ನು ಒತ್ತಿ ಹಿಡಿಯುವುದು ಹೊರಗಿನ ವಾತಾವರಣ. 10,000 ಅಡಿಯಲ್ಲಿ ಅದರ ಒತ್ತಡ ಸಮುದ್ರಮಟ್ಟದ ಸುಮಾರು 70%ಕ್ಕೆ ಇಳಿದಿರುತ್ತದೆ. ಎದುರುಗಾಳಿಯ ಹೊರೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30 ಚದರ ಸೆಂ.ಮೀ. ಮುಖದ ಕ್ಯಾಮೆರಾವನ್ನು 100 ನಾಟ್ ವೇಗದ ಗಾಳಿ ಸುಮಾರು ಅರ್ಧ ಕಿಲೊ ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. 163 ನಾಟ್‌ನಲ್ಲಿ ಅದು 1.3 ಕಿಲೊ ದಾಟುತ್ತದೆ. ಕ್ಯಾಮೆರಾದ ಸ್ವಂತ ತೂಕ 150 ಗ್ರಾಂ ಇದ್ದರೆ ಹೆಚ್ಚು.

ಜಾಗ ಗೊತ್ತಾದ ಮೇಲೆ ಕ್ಯಾಮೆರಾದ ಆಯ್ಕೆ ಸುಲಭ. ಬಲಬಳೆಯಿಂದ ಒಳಮುಖವಾಗಿ ಇಟ್ಟರೆ ಚೌಕಟ್ಟಿನಲ್ಲಿ ಪ್ರೊಪೆಲ್ಲರ್ ಬರುತ್ತದೆ, ತಲೆನೋವೂ ಬರುತ್ತದೆ. ಇಂಥ ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಅಲಗುಗಳು ಕುಡುಗೋಲಿನಂತೆ ಬಾಗಿ, ತುಂಡಾಗಿ ತೇಲುತ್ತವೆ. ನಿಮಿಷಕ್ಕೆ 2,400 ಸುತ್ತೆಂದರೆ ಸೆಕೆಂಡಿಗೆ 40. ಬಿಸಿಲಿನಲ್ಲಿ ಕ್ಯಾಮೆರಾ ತಾನಾಗಿ 1/2000 ಸೆಕೆಂಡಿಗೆ ಹೋದರೆ ಅಷ್ಟರಲ್ಲಿ ಅಲಗು ತಿರುಗುವುದು 7 ಡಿಗ್ರಿ ಮಾತ್ರ. 1/60ರಲ್ಲಿ 240 ಡಿಗ್ರಿ. ಆಗ ಎರಡು ಅಲಗುಗಳು ಸೇರಿ ಇಡೀ ವೃತ್ತವನ್ನು ತುಂಬಿ ಪಾರದರ್ಶಕ ತಟ್ಟೆಯಾಗುತ್ತವೆ. ಇದಕ್ಕೆ ಬೆಳಕನ್ನು ಸುಮಾರು 32ನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಬೇಕು. ಆದ್ದರಿಂದ ಫಿಲ್ಟರ್ ತಿರುಪಿ ಕೂರಿಸಲು ಬರುವ ಕ್ಯಾಮೆರಾವನ್ನೇ ಆರಿಸಬೇಕು. 4ಕೆ, 5ಕೆ ಜಗಳ ಆಮೇಲಿನದು. ನಡುಕ ತಗ್ಗಿಸುವ ಸಾಫ್ಟ್‌ವೇರ್ ಈ ದೀರ್ಘ ಎಕ್ಸ್‌ಪೋಷರ್‌ನೊಡನೆ ಹೊಂದುವುದಿಲ್ಲ, ಚಿತ್ರ ನಿಂತರೂ ಮಸುಕು ಉಳಿಯುತ್ತದೆ. ಹಿಡಿಕೆಯ ತೋಳು ಗಿಡ್ಡವಾಗಿ, ಗಡುಸಾಗಿದ್ದಷ್ಟೂ ಒಳ್ಳೆಯದು.

ನಮ್ಮಲ್ಲಿ 1937ರ ವಿಮಾನ ನಿಯಮಾವಳಿಯ 13ನೇ ನಿಯಮ ಹಾರುವ ವಿಮಾನದಿಂದ ಚಿತ್ರ ತೆಗೆಯುವುದನ್ನೇ ಅನುಮತಿಗೆ ಒಳಪಡಿಸಿತ್ತು. ಹೊರಮೈಗೆ ಏನನ್ನಾದರೂ ಜೋಡಿಸುವುದು ಅದಕ್ಕಿಂತ ಬೇರೆ ಪ್ರಶ್ನೆ; ನಿರ್ವಹಣಾ ಎಂಜಿನಿಯರನ್ನು ಕೇಳದೆ ಕೈಹಾಕಬಾರದು.

ಹಿಡಿಕೆ ಮುರಿದರೂ ಕ್ಯಾಮೆರಾ ಬೀಳದಂತೆ ಉಕ್ಕಿನ ತಂತಿಯೊಂದನ್ನು ಬಳೆಗೇ ಬಿಗಿಯುವುದು ವಾಡಿಕೆ. ಅದರ ಉದ್ದವನ್ನು ಅಳೆದೇ ಕತ್ತರಿಸಬೇಕು: ಗಾಳಿಗೆ ಹಿಂದಕ್ಕೆ ಚಾಚಿದಾಗ ಕ್ಯಾಮೆರಾ ಫ್ಲಾಪ್‌ನ ಅಂಚನ್ನು ಮುಟ್ಟಕೂಡದು.