ಗೋಡೆಯೇ ಬರೆದ ಪಟ್ಟ

ಫ್ರಾನ್ಸಿನ ಡಿಜೋನ್ ನಗರವನ್ನು ಬಿಟ್ಟು ತೆಂಕಣಕ್ಕೆ ನಡೆದರೆ ಬಲಗಡೆಗೆ ಮೂಡಣಕ್ಕೆ ಮುಖ ಮಾಡಿದ ದಿಬ್ಬಸಾಲೊಂದು ಜೊತೆಗೇ ಬರುತ್ತದೆ. ಬರ್ಗಂಡಿ ವೈನಿನ ಕೀರ್ತಿಯೆಲ್ಲ ಆ ಇಳಿಜಾರಿನದು. 1098ರಲ್ಲಿ ಸಿತೋ ಎಂಬ ಜೌಗುನೆಲದಲ್ಲಿ ಮಠ ಹೂಡಿದ ಸಂನ್ಯಾಸಿಗಳಿಗೆ ಇಲ್ಲಿನ ತುಂಡು ಹೊಲಗಳು ದಾನವಾಗಿ ಬಂದವು. ವೂಜೋ ಗ್ರಾಮದಲ್ಲಿ ಅವರು ಒಂದಕ್ಕೊಂದು ಕೂಡಿಸಿಕೊಂಡ ಸುಮಾರು 50 ಹೆಕ್ಟೇರ್ ದ್ರಾಕ್ಷಿತೋಟದ ಸುತ್ತ ಕಲ್ಲುಗೋಡೆ ಎದ್ದಿತು. ಅದೇ ಕ್ಲೋ ದ ವೂಜೋ.

1395ರಲ್ಲಿ ಧೀರನೆಂದು ಬಿರುದಾಂತ ಬರ್ಗಂಡಿಯ ಡ್ಯೂಕ್ ಫಿಲಿಪ್ಪನು ಗಮೇ ಎಂಬ ಬಳ್ಳಿಯನ್ನು ಬೇರುಸಹಿತ ಕೀಳಿಸಲು ಆಜ್ಞೆ ಹೊರಡಿಸಿದನು. ಗೊಂಚಲು ಹೇರಳ, ರಸ ಸಪ್ಪೆ ಎಂಬುದು ಅದರ ಅಪರಾಧ. ಕಡಿಮೆ ಕೊಟ್ಟು ಹಿತವಾಗಿ ಕೊಡುವ ಪಿನೋ ಉಳಿಯಿತು. ರೈತನ ಹೊಟ್ಟೆಯ ಮಾತನ್ನು ಡ್ಯೂಕ್ ಕೇಳಿದಂತಿಲ್ಲ.

ಕ್ರಾಂತಿ ಬಂದಿತು, 1791ರಲ್ಲಿ ಮಠದ ಸೊತ್ತು ಮಾರಾಟವಾಯಿತು. 1889ರಲ್ಲಿ ತೋಟವೂ ಹೋಳಾಯಿತು. ಮಕ್ಕಳಿಗೆ ಪಾಲು ಹಂಚುವ ಕಾನೂನು ಹೋಳುಗಳನ್ನು ಮತ್ತೆ ಸೀಳಿತು. ಇಂದು ಆ ಒಂದೇ ಗೋಡೆಯೊಳಗೆ ಎಂಬತ್ತರಷ್ಟು ಒಡೆಯರು. ಆದರೂ ವೈನಿನ ಪದವಿ ಒಡೆಯನದಾಗಲಿಲ್ಲ, ನೆಲದ್ದೇ ಆಗಿ ನಿಂತಿತು. 1861ರಲ್ಲಿ ಬೋನ್ ಪಟ್ಟಣದ ಕೃಷಿ ಸಮಿತಿ ಹೊಲಹೊಲವನ್ನೂ ತೂಗಿ ಮೂರು ದರ್ಜೆಗಳ ನಕ್ಷೆ ಬರೆಸಿತು. ವೈನಿನ ಹೆಸರುಗಳ ಕುರಿತ 1935ರ ಕಾಯಿದೆಯ ತರುವಾಯ ಅದೇ ಜಾಡಿನಲ್ಲಿ ಶಾಸನ ನಡೆಯಿತು.

ಶೀಶೆಯ ಮೇಲಿನ ಚೀಟಿಯಲ್ಲಿ ಹೆಸರು ಎಷ್ಟು ಕಿರಿದಾದ ನೆಲದ್ದೋ ಅಷ್ಟು ಹಿರಿಯ ಪದವಿ. ಬರಿಯ ಬರ್ಗಂಡಿ ಎಂದಿದ್ದರೆ ತಳದ ಮೆಟ್ಟಿಲು. ಮೇಲೆ ಗ್ರಾಮದ ಹೆಸರು. ಅದರ ಮೇಲಿನ ಪ್ರಮಿಯೆ ಕ್ರೂದಲ್ಲಿ ಗ್ರಾಮದ ಜೊತೆಗೆ ಹೊಲದ ಹೆಸರೂ ಸೇರುತ್ತದೆ. ತುದಿಯ ಗ್ರಾಂ ಕ್ರೂಗೆ ಗ್ರಾಮದ ಹಂಗಿಲ್ಲ, ಹೊಲದ ಹೆಸರೊಂದೇ ಸಾಕು, ಅಂಥವು 33. ಇಲ್ಲೊಂದು ಜಾಣತನವೂ ಉಂಟು. 1847ರಲ್ಲಿ ಜೆವ್ರೆ ಗ್ರಾಮವು ತನ್ನ ಪ್ರಖ್ಯಾತ ಹೊಲ ಶಾಂಬರ್ತಾಂನ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡಿತು. ಜೆವ್ರೆ-ಶಾಂಬರ್ತಾಂ ಎಂದರೆ ಗ್ರಾಮದ ವೈನು, ಶಾಂಬರ್ತಾಂ ಎಂದರೆ ಗ್ರಾಂ ಕ್ರೂ. ಉದ್ದ ಹೆಸರಿಗೆ ಮಾರುಹೋದವನು ಎರಡು ಮೆಟ್ಟಿಲು ಕೆಳಗಿಳಿದಿರುತ್ತಾನೆ.

ಈ ಶಾಸನ ನೆಲವನ್ನು ನಂಬಿತೋ ಗೋಡೆಯನ್ನು ನಂಬಿತೋ ಎಂಬ ಗುಮಾನಿ ನನಗಿದೆ. ವೂಜೋ ತೋಟದ ಮೇಲ್ದಂಡೆಯಲ್ಲಿ ಸುಣ್ಣಕಲ್ಲಿನ ಮೇಲೆ ತೆಳುಮಣ್ಣು, ನೀರು ನಿಲ್ಲದು. ಕೆಳಗೆ ಹೆದ್ದಾರಿಯ ಅಂಚಿನಲ್ಲಿ ಅಂಟು ಜೇಡಿ, ಮಳೆ ಬಿದ್ದರೆ ಬಳ್ಳಿಯ ಬುಡ ಒದ್ದೆಯಾಗಿಯೇ ಇರುತ್ತದೆ. ಎರಡರ ಶೀಶೆಗೂ ಗ್ರಾಂ ಕ್ರೂ ಎಂಬ ಒಂದೇ ಬಿರುದು. ಸಂನ್ಯಾಸಿಗಳ ಗೋಡೆ ಎರಡನ್ನೂ ಬಳಸಿ ಹೋಗಿದೆ.